ಕೇಸೂ ಒಂದು ಸಾಲ

(ಸುಳ್ಯದಲ್ಲಿ ರೈತರ ಸಭೆಯೊಂದರಲ್ಲಿ ಆಡಿದ ಮಾತು. ಓದುಗರಿಗಾಗಿ ಅಲ್ಲಲ್ಲಿ ತಿದ್ದಿ ಬರೆದಿದೆ.)



ಈ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ನಾವು ಆಡುವುದು ಅಡಿಕೆ ಧಾರಣೆ, ಸೊಸೈಟಿ ಸಾಲ, ಬಡ್ಡಿ, ಜಪ್ತಿ ಇವುಗಳದ್ದೇ ಮಾತು. ಇವತ್ತು ಇನ್ನೊಂದು ಸಾಲದ ವಿಷಯ ಹೇಳುತ್ತೇನೆ. ಇದು ನೀವು ಅರ್ಜಿ ಹಾಕಿ ಪಡೆದ ಸಾಲ ಅಲ್ಲ. ಸರ್ಕಾರವೇ ತಂದು ನಿಮ್ಮ ತಲೆಗೆ ಕಟ್ಟುವ ಸಾಲ. ಅದರ ಹೆಸರು ಕೇಸು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಾಲಕ್ಕೆ ಜಾಮೀನು ಬೇಕು, ಕೇಸಿಗೂ ಜಾಮೀನು ಬೇಕು. ಸಾಲಕ್ಕೆ ವಾಯಿದೆ ಇದೆ, ಕೇಸಿಗೂ ವಾಯಿದೆ ಇದೆ. ಸಾಲಕ್ಕೆ ಆರ್‌ಟಿಸಿ ಕೊಡಬೇಕು, ಕೋರ್ಟಿನಲ್ಲಿ ಜಾಮೀನು ನಿಲ್ಲುವವನೂ ಆರ್‌ಟಿಸಿ ತರಬೇಕು. ಸೊಸೈಟಿಯಲ್ಲಿ ಬಡ್ಡಿ ಇಷ್ಟು ಎಂದು ಬರೆದಾದರೂ ಇರುತ್ತದೆ. ಕೇಸಿನ ಬಡ್ಡಿ ಎಷ್ಟೆಂದು ಯಾರೂ ಹೇಳುವುದಿಲ್ಲ. ವಕೀಲರ ಫೀಸು, ಬಸ್ಸಿನ ಚಾರ್ಜು, ಬಿಟ್ಟುಹೋದ ಕೆಲಸ, ಊರಿನವರ ಬಾಯಿ ಎಲ್ಲಾ ಸೇರಿ ಅದು ಬೆಳೆಯುತ್ತದೆ. ಸೊಸೈಟಿ ಸಾಲ ಒಮ್ಮೊಮ್ಮೆ ಮನ್ನಾ ಆಗುತ್ತದೆ. ಈ ಸಾಲಕ್ಕೆ ಮನ್ನಾ ಬಂದರೂ ಕಟ್ಟಿದ ಬಡ್ಡಿ ಹಿಂದೆ ಬರುವುದಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ನಮಗೆಂತಕ್ಕೆ ಮಾರಾಯ್ರೇ ಪೇಪರಿನವರದ್ದೂ ಚಳವಳಿಯವರದ್ದೂ ಜಗಳ? ಚಾಲಿಗೆ ರೇಟು ಎಷ್ಟಾಗಿದೆ, ಅದು ಹೇಳಿ" ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಯೋಚಿಸಿ. ಸಂಪಾಜೆ, ಅರಂತೋಡು, ಮರ್ಕಂಜ ಕಡೆಯಲ್ಲಿ ಹಳದಿ ರೋಗ ತೋಟಕ್ಕೆ ತೋಟವನ್ನೇ ತಿಂದದ್ದು ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ಗೊತ್ತಾಯಿತು? ತೋಟಕ್ಕೆ ಇಳಿದು ನೋಡಿ ಬರೆದವರೊಬ್ಬರು ಇದ್ದರು, ವಿಧಾನಸೌಧದ ಎದುರು ಕೂಗಿದವರೊಬ್ಬರು ಇದ್ದರು. ಬರೆಯುವ ಕೈಗೂ ಕೂಗುವ ಬಾಯಿಗೂ ಬೀಗ ಬಿದ್ದರೆ ನಮ್ಮ ನಷ್ಟ ನಮ್ಮ ಅಂಗಳದಲ್ಲೇ ಒಣಗುತ್ತದೆ. ಆದ್ದರಿಂದ ಇದು ಧಾರಣೆಯದ್ದೇ ವಿಷಯ.

ಹೆಸರು ಕೆಡಿಸುವ ವಿದ್ಯೆ

ನಮ್ಮ ಊರಿನ ಲೆಕ್ಕದಿಂದಲೇ ಸುರು ಮಾಡೋಣ. 1834ರಲ್ಲಿ ಕಂಪೆನಿ ಸರ್ಕಾರ ಕೊಡಗಿನ ಅರಸು ಚಿಕ್ಕವೀರರಾಜೇಂದ್ರನನ್ನು ಇಳಿಸಿ ರಾಜ್ಯ ಹಿಡಿಯಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಷ್ಟರವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೀರ್ವೆಯನ್ನು ಇನ್ನು ನಗದಿನಲ್ಲಿ ಕಟ್ಟಿ ಎಂದಿತು. ಕಣಜದಲ್ಲಿ ಭತ್ತ ಇದ್ದವನ ಕೈಯಲ್ಲಿ ರೂಪಾಯಿ ಎಲ್ಲಿಂದ ಬರಬೇಕು? ಭತ್ತವನ್ನು ಸಾಹುಕಾರ ಹೇಳಿದ ರೇಟಿಗೆ ಮಾರಬೇಕು, ಸಾಲದಿದ್ದರೆ ಅವನ ಹತ್ತಿರವೇ ಸಾಲ ಎತ್ತಬೇಕು. ಬೆಲೆ ಮತ್ತು ಸಾಲ ಎಂಬ ನಮ್ಮ ಎರಡು ರೋಗ ಒಟ್ಟಿಗೇ ಬಂದದ್ದು ಹಾಗೆ.

1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮತ್ತು ಅವರ ಜೊತೆಗಾರರು ಎದ್ದರು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಕಟ್ಟಿದರು. ಬೆಳ್ಳಾರೆ, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. 13 ದಿನ ಆ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪೆನಿಯ ಪಟಾಲಮು ಬಂತು, ಬಿಕರ್ನಕಟ್ಟೆಯಲ್ಲಿ ಗಲ್ಲುಮರ ಎದ್ದಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು.

ಅವರು ಕತ್ತಿ ಕೋವಿ ಹಿಡಿದರು. ನಾವು ಹಿಡಿಯುವವರಲ್ಲ, ಹಿಡಿಯಲೂ ಬಾರದು. ನಾನು ಹೇಳಹೊರಟದ್ದು ಬೇರೆ. ತೀರ್ವೆಗೆ ಸಿಕ್ಕಿ ಎದ್ದ ಈ ರೈತರಿಗೆ ಬಂದ ಹೆಸರು ಏನು? "ಕಲ್ಯಾಣಪ್ಪನ ಕಾಟಕಾಯಿ." ಕಾಟಕಾಯಿ ಎಂದರೆ ಕೊಳ್ಳೆ, ಉಪದ್ರ. ಆಳುವವರ ಕಣ್ಣಿಗೆ ಕಂಡ ಆ ಹೆಸರನ್ನೇ ನಮ್ಮ ಅಜ್ಜ ಅಜ್ಜಿಯರೂ ಹೇಳಿದರು. ಸ್ವಾತಂತ್ರ್ಯ ಹೋರಾಟ ಎಂಬ ಮರ್ಯಾದೆ ಅದಕ್ಕೆ ಬಂದದ್ದು ಎಷ್ಟೋ ತಡವಾಗಿ. ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ. ಹೆಸರಿಗೆ ಅಂಟಿದ ಮಣ್ಣು ತೊಳೆಯಲು 185 ವರ್ಷ ಹಿಡಿಯಿತು.

ಇದು ಆಳುವವರ ಹಳೇ ವಿದ್ಯೆ. ಮೊದಲು ಹೆಸರು ಕೆಡಿಸುವುದು, ಆಮೇಲೆ ಮನುಷ್ಯನನ್ನು ಹಿಡಿಯುವುದು. ಹೆಸರು ಕೆಟ್ಟವನ ಪರವಾಗಿ ನೆರೆಕರೆಯವರೂ ಬರುವುದಿಲ್ಲ ಎಂಬ ಧೈರ್ಯ ಅವರಿಗೆ.

ತುರ್ತು ಪರಿಸ್ಥಿತಿಯಿಂದ ನರಗುಂದಕ್ಕೆ

1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿಯವರ ಸರ್ಕಾರ ತುರ್ತು ಪರಿಸ್ಥಿತಿ ಹೇರಿತು. 21 ತಿಂಗಳು ನಡೆಯಿತು. ಪತ್ರಿಕೆಗಳಿಗೆ ಸೆನ್ಸಾರು ಬಂತು. ಮೀಸಾ ಕಾಯಿದೆಯಲ್ಲಿ ವಿಚಾರಣೆಯೇ ಇಲ್ಲದೆ ಜನರನ್ನು ಒಳಗೆ ಹಾಕಿದರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಎಲ್ಲಿದ್ದಾರೆ ಹೇಳು ಎಂದು ಅವರ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು ಹಿಂಸೆ ಕೊಟ್ಟರು. 'ಸಂಸ್ಕಾರ' ಸಿನಿಮಾದಲ್ಲಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬೆಂಗಳೂರಿನ ಜೈಲಿಗೆ ಹಾಕಿದರು. ಅವರಿಗೆ ಅಸ್ತಮಾ ಇತ್ತು. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು.

ಅದಾಗಿ ಮೂರು ವರ್ಷಕ್ಕೆ ನರಗುಂದ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ, ನೀರಿನ ಕರ ಕಟ್ಟಿ ಎಂದರು. ಹತ್ತಿಗೆ ಬೆಲೆ ಬಿದ್ದಿತ್ತು. ರೈತರು ಮನವಿ ಕೊಟ್ಟರು, ಧರಣಿ ಕೂತರು. 1980ರ ಜುಲೈ 21ರಂದು ಗೋಲಿಬಾರು ಆಯಿತು. ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದ ಕಡೆಯ ಅಳಗವಾಡಿಯಲ್ಲಿ ಬಸಪ್ಪ ಲಕ್ಕುಂಡಿ ಪ್ರಾಣ ಕೊಟ್ಟರು. ಲೆಕ್ಕಪತ್ರದಲ್ಲಿ ತೀರಬೇಕಾದ ವಿಷಯವನ್ನು ಪೊಲೀಸು ಠಾಣೆಗೆ ದಾಟಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ರುದ್ರಪ್ಪನವರು, ಸುಂದರೇಶ್, ನಂಜುಂಡಸ್ವಾಮಿಯವರು ಹಸಿರು ಶಾಲು ಹೊದೆಸಿ ರೈತನ ತಲೆ ಎತ್ತಿಸಿದರು. 1983ರ ಜನವರಿಯ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರ ಬಿತ್ತು. 28 ವರ್ಷದ ಮೇಲೆ, 2008ರ ಜೂನ್ 10ರಂದು, ಗೊಬ್ಬರ ಕೊಡಿ ಎಂದ ಹಾವೇರಿಯ ರೈತರ ಮೇಲೆ ಮತ್ತೆ ಗುಂಡು ಹಾರಿ ಇಬ್ಬರು ಸತ್ತರು.

ಗುಂಡು ಹಾರಿಸಿದರೆ ಸರ್ಕಾರಕ್ಕೆ ಕೆಟ್ಟ ಹೆಸರು. ಹುತಾತ್ಮರ ಕಲ್ಲು ನಿಲ್ಲುತ್ತದೆ, ವರ್ಷ ವರ್ಷ ಮಾಲೆ ಬೀಳುತ್ತದೆ. ಕೇಸು ಹಾಕಿದರೆ ಕಲ್ಲೂ ಇಲ್ಲ, ಮಾಲೆಯೂ ಇಲ್ಲ. ಮನುಷ್ಯ ಬದುಕಿಯೇ ಇರುತ್ತಾನೆ, ವಾಯಿದೆಗೆ ಹೋಗಿ ಬಂದು ಸವೆಯುತ್ತಾನೆ.

ಕುತ್ಲೂರಿನ ಹುಡುಗನ ಕೇಸು

ದೂರ ಬೇಡ, ಬೆಳ್ತಂಗಡಿ ತಾಲೂಕಿನ ಕುತ್ಲೂರಿಗೆ ಬನ್ನಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡೂರು. ಅಲ್ಲಿಯ ಮಲೆಕುಡಿಯರ ಮನೆಯ ಹುಡುಗ ವಿಠಲ ಮಲೆಕುಡಿಯ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. 2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆಯವರು ಅವನನ್ನೂ ಅವನ ತಂದೆಯನ್ನೂ ಹಿಡಿದರು. ರಾಜದ್ರೋಹದ ಸೆಕ್ಷನ್ನು, ಯುಎಪಿಎ ಕಾಯಿದೆ ಎರಡೂ ಬಿತ್ತು.

ಸಾಕ್ಷಿ ಎಂದು ಕೋರ್ಟಿಗೆ ತಂದದ್ದರಲ್ಲಿ ಭಗತ್ ಸಿಂಗರ ಪುಸ್ತಕ ಇತ್ತು, ಪೇಪರಿನ ತುಂಡುಗಳು ಇದ್ದವು, ಊರಿಗೆ ಸೌಕರ್ಯ ಆಗುವವರೆಗೆ ಚುನಾವಣೆ ಬಹಿಷ್ಕರಿಸಿ ಎನ್ನುವ ಕಾಗದ ಇತ್ತು.

ಈ ಕಾಗದದ ಹತ್ತಿರ ಸ್ವಲ್ಪ ನಿಲ್ಲಿ. ನಮ್ಮ ಸುಳ್ಯ, ಕಡಬ, ಪುತ್ತೂರಿನಲ್ಲಿ ಪ್ರತಿ ಚುನಾವಣೆಗೂ "ರಸ್ತೆ ಇಲ್ಲದಿದ್ದರೆ ಮತ ಇಲ್ಲ" ಎಂದು ಬ್ಯಾನರು ಕಟ್ಟುತ್ತಾರೋ ಇಲ್ಲವೋ? ಅದನ್ನು ಕಟ್ಟಿದವರಲ್ಲಿ ಈ ಮಾತು ಓದುವ ನೀವೂ ಇರಬಹುದು. ಆಗ ಏನಾಗುತ್ತದೆ? ತಹಶೀಲ್ದಾರರು ಜೀಪಿನಲ್ಲಿ ಬರುತ್ತಾರೆ, ಪುಢಾರಿಗಳು ಬರುತ್ತಾರೆ, ಚಾ ಕುಡಿದು ಸಮಾಧಾನದ ಮಾತಾಡಿ ಬ್ಯಾನರು ಬಿಚ್ಚಿಸುತ್ತಾರೆ. ಅದೇ ಬೇಡಿಕೆಯ ಕಾಗದ ಕಾಡೊಳಗಿನ ಮಲೆಕುಡಿಯನ ಮನೆಯಲ್ಲಿ ಸಿಕ್ಕಿದರೆ ರಾಜದ್ರೋಹ. ಜಾಗ ಇದ್ದವನಿಗೆ ಒಂದು ಕಾನೂನು, ಇಲ್ಲದವನಿಗೆ ಇನ್ನೊಂದಾ? ಇವತ್ತು ಅವನಿಗೆ ಆದದ್ದು ನಮಗೆ ಆಗಲಿಕ್ಕಿಲ್ಲ ಎಂದು ನೆಮ್ಮದಿಯಲ್ಲಿ ಕೂತುಕೊಳ್ಳಬೇಡಿ. ಕಾಡಂಚಿನವನ ಮೇಲೆ ಪಳಗಿದ ಲಾಠಿಯೇ ನಾಳೆ ತೋಟದವನ ಮೇಲೆ ಬರುವುದು.

ಆ ಹುಡುಗ ಕೈಕೋಳ ಹಾಕಿಕೊಂಡೇ ಪರೀಕ್ಷೆ ಬರೆದ. ಕೈಕೋಳ ಹಾಕುವುದು ಮಾಮೂಲು ಕ್ರಮ ಆಗಬಾರದು ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿತ್ತು. ಆದರೂ ಹಾಕಿದರು. ನಾಲ್ಕು ತಿಂಗಳ ಹತ್ತಿರ ಜೈಲಿನಲ್ಲಿದ್ದು ಜಾಮೀನಿನಲ್ಲಿ ಹೊರಗೆ ಬಂದ. ಪೊಲೀಸರ ಆರೋಪಪಟ್ಟಿ ಬಂದದ್ದು 2015ರಲ್ಲಿ. 2021ರ ಅಕ್ಟೋಬರ್ 21ರಂದು ಮಂಗಳೂರಿನ ಕೋರ್ಟು ತಂದೆ ಮಗ ಇಬ್ಬರನ್ನೂ ಖುಲಾಸೆ ಮಾಡಿತು. ಭಗತ್ ಸಿಂಗರ ಪುಸ್ತಕ ಇಟ್ಟುಕೊಳ್ಳುವುದಕ್ಕೂ ಪತ್ರಿಕೆ ಓದುವುದಕ್ಕೂ ಕಾನೂನಿನ ಅಡ್ಡಿ ಇಲ್ಲ, ಆ ಕಾಗದದಲ್ಲಿ ಇದ್ದದ್ದು ಊರವರ ಬೇಡಿಕೆ ಎಂಬುದು ತೀರ್ಪಿನ ಸಾರ. ಅಷ್ಟರಲ್ಲಿ ವಿಠಲರು ಪತ್ರಿಕೆಯಲ್ಲಿ ವರದಿಗಾರರಾಗಿ ದುಡಿಯುತ್ತಿದ್ದರು.

ಕೋರ್ಟು ನ್ಯಾಯ ಕೊಟ್ಟಿತು, ಸರಿ. ಆದರೆ 9 ವರ್ಷ 7 ತಿಂಗಳಾಯಿತು. ನಾಲ್ಕು ತಿಂಗಳ ಜೈಲು, ವಾಯಿದೆಗಳ ಖರ್ಚು, 'ನಕ್ಸಲ್' ಎಂದು ಊರು ನೋಡಿದ ನೋಟ, ಇದನ್ನೆಲ್ಲ ಯಾರು ಕಟ್ಟಿಕೊಟ್ಟರು? ಶಿಕ್ಷೆ ಆಗದೆಯೇ ಶಿಕ್ಷೆ ಮುಗಿದಿತ್ತು. ಕೇಸೂ ಒಂದು ಸಾಲ ಎಂದು ನಾನು ಹೇಳುವುದು ಇದಕ್ಕೇ.

ಅದೇ 2012ರಲ್ಲಿ ಮಂಗಳೂರಿನಲ್ಲಿ ಇನ್ನೊಂದು ನಡೆಯಿತು. ಜುಲೈ 28ರಂದು ಪಡೀಲಿನ ಹೋಂಸ್ಟೇಯೊಂದಕ್ಕೆ ಗುಂಪು ನುಗ್ಗಿ ಹುಡುಗ ಹುಡುಗಿಯರ ಮೇಲೆ ಕೈಮಾಡಿತು. ಟಿವಿ ವರದಿಗಾರ ನವೀನ್ ಸೂರಿಂಜೆ ಅದನ್ನು ನಾಡಿಗೆ ತೋರಿಸಿದರು. ಆ ದೃಶ್ಯದಿಂದಲೇ ಹೊಡೆದವರ ಗುರುತು ಸಿಕ್ಕಿತು. ಪೊಲೀಸರು ವರದಿಗಾರರನ್ನೂ ಆರೋಪಿ ಮಾಡಿ ನವೆಂಬರ್ 7ರಂದು ಹಿಡಿದರು. ನಾಲ್ಕು ತಿಂಗಳಿಗೂ ಮೇಲೆ ಒಳಗಿದ್ದು 2013ರ ಮಾರ್ಚಿನಲ್ಲಿ ಜಾಮೀನು ಸಿಕ್ಕಿತು. ಆ ಕೇಸನ್ನು ಕೈಬಿಡಲು ಸರ್ಕಾರವೇ 2013ರಲ್ಲಿ ತೀರ್ಮಾನಿಸಿತು. ಕೈಬಿಡುವಂಥ ಕೇಸಾದರೆ ಹಾಕಿದ್ದು ಯಾಕೆ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ನಮ್ಮ ತಾಲೂಕಿನದ್ದೂ ನಿಮಗೆ ನೆನಪಿರಬಹುದು. 110 ಕೆ.ವಿ. ಲೈನು ಕೊಡಿ ಎಂದು ವರ್ಷಗಟ್ಟಲೆ ಕೇಳಿ ಕೇಳಿ ಸಾಕಾಗಿದ್ದ ಕಾಲ. 2016ರಲ್ಲಿ ಕರೆಂಟಿಲ್ಲ ಎಂದು ಇಲ್ಲಿಂದ ವಿದ್ಯುತ್ ಮಂತ್ರಿಗೆ ಒಂದು ಫೋನು ಹೋಯಿತು. ಮಾತಿಗೆ ಮಾತು ಬೆಳೆಯಿತು, ಫೋನು ಮಾಡಿದವರ ಬಂಧನವಾಯಿತು. ಕೇಸು ಸುಳ್ಯದ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಆಡಿದ ಮಾತಿನಲ್ಲಿ ತಪ್ಪೆಷ್ಟು ಎಂಬುದು ಕೋರ್ಟಿನ ವಿಷಯ, ನಾನು ಹೇಳುವುದಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ಮಾತ್ರ ಆಗ ಎಲ್ಲರಿಗೂ ನೆನಪಾಯಿತು.

ಪಕ್ಷ ನೋಡಿ ಅಳಬೇಡಿ

ಇಷ್ಟು ಹೇಳಿದ ಕೂಡಲೇ ನಮ್ಮಲ್ಲಿ ಕೆಲವರು ಕಿವಿ ನಿಮಿರಿಸುತ್ತಾರೆ, ಇವ ಯಾವ ಪಾರ್ಟಿ ಎಂದು. ಪಾರ್ಟಿ ಲೆಕ್ಕವನ್ನೂ ನೋಡಿಬಿಡೋಣ. ತುರ್ತು ಪರಿಸ್ಥಿತಿಯಲ್ಲಿ ಇದ್ದದ್ದು ಕಾಂಗ್ರೆಸ್. ನರಗುಂದದಲ್ಲೂ ಕಾಂಗ್ರೆಸ್. ಹಾವೇರಿಯಲ್ಲಿ ಬಿಜೆಪಿ. ವಿಠಲರನ್ನು ಹಿಡಿದಾಗ ಬಿಜೆಪಿ ಸರ್ಕಾರ, ಮುಖ್ಯಮಂತ್ರಿ ಸದಾನಂದ ಗೌಡರು ನಮ್ಮ ಮಂಡೆಕೋಲಿನವರೇ. ಆರೋಪಪಟ್ಟಿ ಬಂದಾಗ ಕಾಂಗ್ರೆಸ್. ಖುಲಾಸೆ ಆದಾಗ ಮತ್ತೆ ಬಿಜೆಪಿ, ಆದರೆ ಬಿಡಿಸಿದ್ದು ಸರ್ಕಾರ ಅಲ್ಲ, ಕೋರ್ಟು. ಕುರ್ಚಿಯಲ್ಲಿ ಕೂತವರು ಬದಲಾದರು. ಕೇಸಿನ ಕಡತ ಮಾತ್ರ ಕಪಾಟಿನಲ್ಲಿ ಹಾಗೆಯೇ ಇತ್ತು. ಯಾಕೆಂದರೆ ಅದು ಯಾವ ಸರ್ಕಾರಕ್ಕೂ ಬೇಕಾಗುವ ಆಯುಧ.

ದೆಹಲಿಯ ಗಡಿಯಲ್ಲಿ 2020ರ ನವೆಂಬರಿನಿಂದ ಒಂದು ವರ್ಷ ರೈತರು ಚಳಿ ಮಳೆಗೆ ಕೂತರು. ಅವರಿಗೆ 'ಖಾಲಿಸ್ತಾನಿ' ಎಂಬ ಹೆಸರು ಅಂಟಿಸಿದರು. 2021ರ ಜನವರಿ ಕೊನೆಗೆ ಅಲ್ಲಿ ಇಂಟರ್‌ನೆಟ್ ನಿಲ್ಲಿಸಿದರು. ಸಿಂಘು ಗಡಿಯಲ್ಲಿ ವರದಿ ಮಾಡುತ್ತಿದ್ದ ಮನದೀಪ್ ಪೂನಿಯಾ ಎಂಬ ಪತ್ರಕರ್ತನನ್ನು ಹಿಡಿದರು. ಫೆಬ್ರವರಿ 13ರಂದು ಬೆಂಗಳೂರಿಗೆ ಬಂದು ದಿಶಾ ರವಿ ಎಂಬ ಹುಡುಗಿಯನ್ನು ಹಿಡಿದುಕೊಂಡು ಹೋದರು. ರೈತರಿಗೆ ಬೆಂಬಲ ಕೊಡಿ ಎಂಬ ಒಂದು ಬರಹವನ್ನು ತಿದ್ದಿದಳಂತೆ, ಅದು ರಾಜದ್ರೋಹವಂತೆ. ಹತ್ತು ದಿನದಲ್ಲಿ ದೆಹಲಿಯ ಕೋರ್ಟೇ ಜಾಮೀನು ಕೊಟ್ಟಿತು. ಅದೇ ನವೆಂಬರ್ 19ರಂದು ಪ್ರಧಾನಿಯವರು ಮೂರೂ ಕಾಯಿದೆ ಹಿಂದೆ ಪಡೆಯುತ್ತೇವೆ ಎಂದರು.

ಇನ್ನು ದೇವನಹಳ್ಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿ ಉಳಿಸಲು ರೈತರು 2022ರ ಏಪ್ರಿಲಿನಿಂದ ಧರಣಿ ಕೂತರು. ಸುರುವಿಗೆ ಬಿಜೆಪಿ ಸರ್ಕಾರ, ಆಮೇಲೆ ಕಾಂಗ್ರೆಸ್ ಸರ್ಕಾರ. 2025ರ ಜೂನ್ 25ರಂದು ಪೊಲೀಸರು ಅವರನ್ನು ಎಳೆದು ವ್ಯಾನಿಗೆ ತುಂಬಿದರು. ಅದನ್ನು ನಾಡು ನೋಡಿತು. ಬರೆಯುವವರು ಬರೆದರು, ಬೇರೆ ಬೇರೆ ಸಂಘಗಳು ಒಟ್ಟು ಸೇರಿದವು. ಜುಲೈ 15ರಂದು ಆ ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಕೂತ ರೈತ ಮತ್ತು ಬರೆದ ಪತ್ರಕರ್ತ ಇಬ್ಬರೂ ಬೇಕು. ಒಬ್ಬ ಇಲ್ಲದಿದ್ದರೆ ಇನ್ನೊಬ್ಬನ ಕೆಲಸ ಅರ್ಧ.

ರಾಜದ್ರೋಹದ ಹಳೇ ಸೆಕ್ಷನನ್ನು ಸುಪ್ರೀಂ ಕೋರ್ಟು 2022ರ ಮೇ 11ರಂದು ತಡೆದು ನಿಲ್ಲಿಸಿತು. 2024ರ ಜುಲೈ 1ರಿಂದ ಹೊಸ ದಂಡಸಂಹಿತೆ ಬಂದಿದೆ. ಅದರಲ್ಲಿ ರಾಜದ್ರೋಹ ಎಂಬ ಶಬ್ದ ಇಲ್ಲ, ಆದರೆ ದೇಶದ ಸಾರ್ವಭೌಮತೆ, ಏಕತೆಗೆ ಧಕ್ಕೆ ಎಂಬ 152ನೇ ಸೆಕ್ಷನ್ನು ಇದೆ. ಬಾಟ್ಲಿ ಹೊಸದು, ಒಳಗಿನ ಕಷಾಯ ನೀವೇ ರುಚಿ ನೋಡಿ.

ನಾವು ಮಾಡಬೇಕಾದ್ದು

ಎಲ್ಲಾ ಕೇಸೂ ಸುಳ್ಳೆಂದು ನಾನು ಹೇಳುವುದಿಲ್ಲ. ಬಸ್ಸಿಗೆ ಕಲ್ಲು ಹೊಡೆದವನಿಗೆ, ಹಣ ಕೊಡದಿದ್ದರೆ ನಿನ್ನ ವಿಷಯ ಬರೆಯುತ್ತೇನೆ ಎಂದು ಹೆದರಿಸುವವನಿಗೆ ಕೇಸು ಬೀಳಲಿ. ನನ್ನ ಮಾತು ಬಾಯಿ ಮತ್ತು ಪೆನ್ನಿನ ಕೆಲಸಕ್ಕೆ ಬೀಳುವ ಕೇಸಿನದ್ದು. ಅದಕ್ಕೆ ನಮ್ಮ ಕೈಯಲ್ಲಾಗುವ ಐದು ಕೆಲಸ ಇದೆ.

ಒಂದು. ಯಾವ ಬೇಡಿಕೆ ಇದ್ದರೂ ಬರೆದು ಕೊಡಿ. ಪ್ರತಿಯಲ್ಲಿ ಕಚೇರಿಯ ಸೀಲು ತಾರೀಕು ಹಾಕಿಸಿ ಇಟ್ಟುಕೊಳ್ಳಿ. ನಾಳೆ ನಿಮ್ಮನ್ನು ಗಲಾಟೆಯವ ಎಂದರೆ ಆ ಸೀಲೇ ಸಾಕ್ಷಿ ಹೇಳುತ್ತದೆ.

ಎರಡು. ಹಿಡಿದರೆ ಹೆದರಬೇಡಿ, ಹಾರಾಡಲೂ ಬೇಡಿ. ಯಾಕೆ ಹಿಡಿದಿದ್ದೀರಿ ಎಂದು ಕೇಳಿ, ಅವರು ಹೇಳಲೇಬೇಕು. ಮನೆಯವರಿಗೆ ತಿಳಿಸಲೇಬೇಕು. ವಕೀಲರನ್ನು ಕಾಣಲು ಬಿಡಲೇಬೇಕು. ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಲೇಬೇಕು. ಸಂವಿಧಾನದ 22ನೇ ವಿಧಿಯನ್ನು ಮಕ್ಕಳ ಹತ್ತಿರ ಓದಿಸಿ ಕೇಳಿ. ಖಾಲಿ ಕಾಗದಕ್ಕೆ ಸೊಸೈಟಿಯಲ್ಲೂ ಸಹಿ ಹಾಕಬೇಡಿ, ಠಾಣೆಯಲ್ಲೂ ಹಾಕಬೇಡಿ.

ಮೂರು. ಬಂಧನದಲ್ಲಿರುವ ಯಾರಿಗಾದರೂ ಪುಕ್ಕಟೆ ವಕೀಲರು ಸಿಗುತ್ತಾರೆ. ಅದಕ್ಕೆ 1987ರ ಕಾಯಿದೆ ಇದೆ, ಬಡವ ಎಂದು ಸರ್ಟಿಫಿಕೇಟು ತರಬೇಕಾಗಿಲ್ಲ. ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನಲ್ಲೇ ಇದೆ. ಪೊಲೀಸರು 60 ದಿನ, ಕೆಲವು ದೊಡ್ಡ ಆರೋಪಕ್ಕೆ 90 ದಿನದೊಳಗೆ ಆರೋಪಪಟ್ಟಿ ಹಾಕದಿದ್ದರೆ ಜಾಮೀನು ಕೇಳುವ ಹಕ್ಕಿದೆ. ಯುಎಪಿಎಯಲ್ಲಾದರೆ ಕೋರ್ಟು ಅದನ್ನು 180 ದಿನದವರೆಗೆ ಬೆಳೆಸಬಹುದು. ದಿನ ಲೆಕ್ಕ ಇಟ್ಟು ವಕೀಲರಿಗೆ ನೆನಪು ಮಾಡುವುದು ಮನೆಯವರ ಕೆಲಸ.

ನಾಲ್ಕು. ವರದಿಗಾರರಿಗೆ ರಾತ್ರಿ ಫೋನು ಮಾಡಿ ಸೊಸೈಟಿಯ ಅವ್ಯವಹಾರ ಹೇಳಿ, ಬೆಳಿಗ್ಗೆ ಪೇಪರಿನಲ್ಲಿ ಬಂದ ಮೇಲೆ "ನಾನು ಹೇಳಲೇ ಇಲ್ಲ" ಎನ್ನುವ ಚಾಳಿ ನಮ್ಮಲ್ಲಿದೆ. ಅಲ್ಲಿಗೆ ಅವರ ಕುತ್ತಿಗೆ ಸಿಕ್ಕಿಬಿತ್ತು. ಹೇಳುವುದಾದರೆ ಹೆಸರು ಕೊಟ್ಟು, ಕಾಗದದ ಪ್ರತಿ ಕೊಟ್ಟು ಹೇಳಿ. ಹೇಳಿದ ಮಾತಿಗೆ ನಿಲ್ಲಿ.

ಐದು. ಇದು ಎಲ್ಲದಕ್ಕಿಂತ ಮುಖ್ಯ. ಜೈಲಿನಲ್ಲಿರುವವನಿಗೆ ಕೋರ್ಟು ಜಾಮೀನು ಕೊಟ್ಟರೂ ಜಾಮೀನುದಾರ ಸಿಗದೆ ಒಳಗೇ ಉಳಿಯುವುದುಂಟು. ಜಾಗದ ದಾಖಲೆ ಇಲ್ಲದ ಕಾಡಿನವ, ಬಾಡಿಗೆ ಕೋಣೆಯಲ್ಲಿರುವ ವರದಿಗಾರ, ಚಳವಳಿಯ ಹುಡುಗ, ಇವರಿಗೆ ಆರ್‌ಟಿಸಿ ಎಲ್ಲಿಂದ ಬರಬೇಕು? ನಮ್ಮ ಹತ್ತಿರ ಇದೆ. ಒಂದೆಕರೆಯಾದರೂ ವರ್ಗ ಜಾಗ ನಮಗಿದೆ. ಭಾವನ ಸಾಲಕ್ಕೆ, ನೆರೆಯವನ ಟ್ರ್ಯಾಕ್ಟರಿಗೆ ನಾವು ಜಾಮೀನು ನಿಂತಿದ್ದೇವೆ, ಕೆಲವೊಮ್ಮೆ ಕಟ್ಟಿಯೂ ಕೊಟ್ಟಿದ್ದೇವೆ. ನಮ್ಮ ಬೆಲೆಗಾಗಿ ಕೂಗಿದವನಿಗೆ, ನಮ್ಮ ನಷ್ಟ ಬರೆದವನಿಗೆ ಒಂದು ಸಲ ನಿಲ್ಲಲಾರೆವಾ? ಅವನು ವಾಯಿದೆಗೆ ಸರಿಯಾಗಿ ಹಾಜರಾದರೆ ನಮ್ಮ ಜಾಗಕ್ಕೆ ಏನೂ ಆಗುವುದಿಲ್ಲ.

ಪ್ರತಿ ಗ್ರಾಮದಲ್ಲೂ ಹಾಗೆ ನಿಲ್ಲಲು ತಯಾರಿರುವ ಇಬ್ಬರ ಹೆಸರು ಬರೆದಿಡಿ. ಹೊಸ ಆರ್‌ಟಿಸಿ, ಗುರುತಿನ ಚೀಟಿ ಎರಡೂ ತಯಾರಿರಲಿ. ಹತ್ತಿರದ ವಕೀಲರೊಬ್ಬರ ಫೋನ್ ನಂಬ್ರ ಪಂಚಾಂಗದ ಹಿಂದೆ ಬರೆದಿರಲಿ. ಮುಂದಿನ ಸಭೆಗೆ ಬರುವಾಗ ಆ ಎರಡು ಹೆಸರು ತನ್ನಿ. ಕೇಸು ಒಬ್ಬನ ತಲೆ ಮೇಲೆ ಬಿದ್ದರೆ ಸಾಲ. ಊರೇ ಹಂಚಿಕೊಂಡರೆ ಅದರ ಭಾರ ಇಳಿಯುತ್ತದೆ. ಭಾರ ಇಳಿದ ಮೇಲೆ ಹೆದರಿಸುವವರಿಗೆ ಅದರಿಂದ ಲಾಭವಿಲ್ಲ.